ತಿಂಗಳಿಗೊಮ್ಮೆ ಬರುವ ರೊಕ್ಕ: ಒಣಬೇಸಾಯದ ಮನೆಯ ಲೆಕ್ಕ

ನಮ್ಮದು ಬ್ಯಾಡಗಿ ತಾಲ್ಲೂಕಿನ ಮಳೆ ನಂಬಿದ ಊರು. ನನಗಿರೋದು ನಾಲ್ಕು ಎಕರೆ ಎರಿ ಹೊಲ. ಎರಡು ಎಕರೆಗೆ ಗೋವಿನಜೋಳ, ಉಳಿದದ್ದರಲ್ಲಿ ಮೆಣಸಿನಕಾಯಿ ಮತ್ತು ಹತ್ತಿ. ಒಮ್ಮೆ ಬೋರು ಕೊರೆಸಿ ದೂಳು ನೋಡಿದ ಮೇಲೆ ಮತ್ತೆ ಆ ದಾರಿಗೆ ಹೋಗಲಿಲ್ಲ. ನಾನು ಕಲಿತದ್ದು ಏಳನೇ ಇಯತ್ತೆ. ಬರವಣಿಗೆಯಲ್ಲಿ ತಪ್ಪಿದ್ದರೆ ಓದುಗರು ತಿದ್ದಿಕೊಂಡು ಓದಬೇಕು. ಲೆಕ್ಕದಲ್ಲಿ ಮಾತ್ರ ತಪ್ಪಿಲ್ಲ. ಅದನ್ನು ಬರೆದಿಟ್ಟವರು ನಮ್ಮ ಮನೆಯಾಕಿ.

2023ರಲ್ಲಿ ಗೃಹಲಕ್ಷ್ಮಿಯ ಮೊದಲ ಎರಡು ಸಾವಿರ ಬಂದ ದಿನ ಆಕೆ ಮೊಬೈಲ್ ಹಿಡಿದುಕೊಂಡು ಹೊಲಕ್ಕೇ ಬಂದಳು. "ನೋಡ್ರಿ, ನನಗೂ ಪಗಾರ ಶುರು ಆತು" ಅಂದಳು. ನಾನು ನಕ್ಕೆ. "ಪುಗಸಟ್ಟೆ ರೊಕ್ಕದಾಗ ಯಾರ ಮನಿ ಉದ್ಧಾರ ಆಗೇತಿ? ನಾಳೆ ಆಳುಗಳು ಹೊಲಕ್ಕ ಬರೂದಿಲ್ಲ, ಅದನ್ನ ನೋಡು" ಅಂದೆ. ಆಕೆ ಜಗಳ ಮಾಡಲಿಲ್ಲ. ಮೊಮ್ಮಗನ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಯಾವ ತಿಂಗಳು ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಬರೆಯುತ್ತ ಬಂದಳು. ಎರಡು ವರ್ಷದ ಮೇಲೆ ಆ ಪುಸ್ತಕ ನೋಡಿದಾಗ ನನ್ನ ಮಾತು ಅರ್ಧ ಸುಳ್ಳಾಗಿತ್ತು. ಯಾವ ಅರ್ಧ ಎಂಬುದನ್ನು ಹೇಳಲಿಕ್ಕೇ ಈ ಲೇಖನ.

ವರ್ಷಕ್ಕೊಮ್ಮೆ ಬರೋದು, ದಿನಾ ಹೋಗೋದು

ಒಣಬೇಸಾಯದ ಮನೆಗೆ ರೊಕ್ಕ ಬರುವುದು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ದೀಪಾವಳಿಯ ಹೊತ್ತಿಗೆ ಗೋವಿನಜೋಳ, ಸಂಕ್ರಾಂತಿಯಿಂದ ಶಿವರಾತ್ರಿ ದಾಟುವತನಕ ಮೆಣಸಿನಕಾಯಿ. ಖರ್ಚು ಹಾಗಲ್ಲ. ರೋಹಿಣಿ ಮಳೆ ಬರುವ ಮೊದಲೇ ಬೀಜ, ಗೊಬ್ಬರ ತರಬೇಕು. ಅದೇ ಜೂನ್ ತಿಂಗಳು ಸಾಲಿ ಶುರುವಾಗ್ತದೆ, ಪುಸ್ತಕ, ಅರಿವಿ ಬೇಕು. ಮಳೆಗಾಲದಾಗ ಜ್ವರ, ಕೆಮ್ಮು. ಕಿರಾಣಿ ಅಂಗಡಿ ಉದ್ರಿ ಅಂತೂ ತಪ್ಪೋದೇ ಇಲ್ಲ.

ಈ ನಡುವಿನ ಏಳೆಂಟು ತಿಂಗಳನ್ನು ನಾವು ದಾಟುವುದು ಸಾಲದಿಂದ. ನಾನು ಹಲವು ವರ್ಷ ಜೂನ್ ತಿಂಗಳಲ್ಲಿ ಪ್ಯಾಟಿಯ ಒಬ್ಬ ದಲಾಲರ ಹತ್ತಿರ 20 ಸಾವಿರ ತರುತ್ತಿದ್ದೆ. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 600. ಫೆಬ್ರುವರಿಯಲ್ಲಿ ಕಾಯಿ ಮಾರಿ ತೀರಿಸುವಷ್ಟರಲ್ಲಿ ಎಂಟು ತಿಂಗಳಿಗೆ 4800 ಬಡ್ಡಿ. ಬಡ್ಡಿ ಒಂದೇ ಆದರೆ ಹ್ಯಾಂಗೋ ಸಹಿಸಬಹುದು. ಸಾಲ ತಂದವನು ಕಾಯಿಯನ್ನೂ ಅದೇ ಅಂಗಡಿಗೆ ಹಾಕಬೇಕು. ಸೋಮವಾರದ ಪ್ಯಾಟಿಯಲ್ಲಿ ದರ ಇಳಿದರೆ ಗುರುವಾರದ ತನಕ ತಡೀತೀನಿ ಅನ್ನೋ ಧೈರ್ಯ ಅವನಿಗಿರೋದಿಲ್ಲ. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜುಗಳಿಗೆ ಕಡಿಮೆ ಇಲ್ಲ. ಆದರೆ ಚೀಲ ಒಳಗಿಟ್ಟು ಕಾಯಬೇಕಾದರೆ ಅಲ್ಲಿಯವರೆಗೆ ಮನೆ ನಡೆಯಬೇಕಲ್ಲ? 2024ರ ಮಾರ್ಚ್ 11ರ ಸೋಮವಾರ ದರ ಒಮ್ಮೆಲೇ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಹೊತ್ತಿ, ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ಗೊತ್ತಿದೆ. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳೋದಿಲ್ಲ. ಆದರೆ ವರ್ಷದ ಗಂಜಿ ಒಂದೇ ದಿನದ ದರದ ಮೇಲೆ ನಿಂತಾಗ ಮನುಷ್ಯನಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಅದಕ್ಕೇ ನಮ್ಮ ಬಡತನವನ್ನು ವರ್ಷದ ಗಳಿಕೆಯಿಂದ ಮಾತ್ರ ಅಳೆಯಬಾರದು. ಎಷ್ಟು ಬಂತು ಅನ್ನೋದರಷ್ಟೇ, ಯಾವಾಗ ಬಂತು ಅನ್ನೋದೂ ಮುಖ್ಯ. ಮಳೆಯೂ ಹಾಗೇ ಅಲ್ಲವೇ? ಒಂದೇ ದಿನ ಹಳ್ಳ ತುಂಬಿ ಹರಿದರೆ ಬೆಳೆ ಬರೋದಿಲ್ಲ. ಹೊತ್ತಿಗೆ ಸರಿಯಾಗಿ ಹದ ಮಳೆಯಾದರೆ ಬರ್ತದೆ.

ಮೂಲ ಆದಾಯ ಅಂದರೇನು?

"ಸಾರ್ವತ್ರಿಕ ಮೂಲ ಆದಾಯ" ಅನ್ನೋ ಮಾತು ಈಗ ಪೇಪರುಗಳಲ್ಲಿ ಆಗಾಗ ಬರ್ತದೆ. ದೊಡ್ಡ ಮಾತು, ಆದರೆ ಅರ್ಥ ಸರಳ. ಸರ್ಕಾರ ಪ್ರತಿಯೊಬ್ಬರಿಗೂ, ಬಡವ ಶ್ರೀಮಂತ ಎನ್ನದೆ, ಒಂದಿಷ್ಟು ಹಣವನ್ನು ಗೊತ್ತಾದ ಹೊತ್ತಿಗೆ ತಪ್ಪದೆ ಕೊಡುವುದು. ಇದಕ್ಕೆ ಐದು ಗುರುತು.

ಒಂದು, ಎಲ್ಲರಿಗೂ ಸಿಗಬೇಕು. ಎರಡು, ಮನೆಗೊಂದು ಅಂತಲ್ಲ, ತಲೆಗೊಂದು ಅಂತ ಸಿಗಬೇಕು. ಮೂರು, ಇಂಥ ಕೆಲಸ ಮಾಡು, ಇಂಥದ್ದನ್ನೇ ಕೊಳ್ಳು ಎಂಬ ಷರತ್ತು ಇರಬಾರದು. ನಾಲ್ಕು, ಕಾಳು ಕಡಿ ಅಲ್ಲ, ನಗದು ಇರಬೇಕು. ಐದು, ತಿಂಗಳಿಗೊಮ್ಮೆ ಎಂದರೆ ತಿಂಗಳಿಗೊಮ್ಮೆ ಬರಬೇಕು.

ಈ ಐದೂ ಕೂಡಿದ ಯೋಜನೆ ನಮ್ಮ ದೇಶದಲ್ಲಿ ಎಲ್ಲಿಯೂ ಪೂರ್ತಿ ಜಾರಿಗೆ ಬಂದಿಲ್ಲ. 2017ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಇದರ ಬಗ್ಗೆ ಒಂದು ಇಡೀ ಅಧ್ಯಾಯ ಬರೆಯಿತು. ಆಗ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದವರು ಅರವಿಂದ ಸುಬ್ರಮಣಿಯನ್. ಒಬ್ಬರಿಗೆ ವರ್ಷಕ್ಕೆ 7620 ರೂಪಾಯಿ ಕೊಟ್ಟರೆ ಎಷ್ಟು ಖರ್ಚು ಬೀಳುತ್ತದೆ ಎಂದು ಅದರಲ್ಲಿ ಲೆಕ್ಕ ಹಾಕಿದ್ದರು. ಅದು ಕಾಗದದ ಮೇಲೇ ಉಳಿಯಿತು. ಹೊರದೇಶದ ಮಾತು ಹೇಳಬೇಕೆಂದರೆ, ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಎಣ್ಣೆ ಗಣಿಯ ಹಣ ಕೂಡಿಟ್ಟ ನಿಧಿಯಿಂದ 1982ರಿಂದ ಅಲ್ಲಿಯ ನಿವಾಸಿಗಳಿಗೆಲ್ಲ ಪಾಲು ಕೊಡುತ್ತಾರೆ. ಆದರೆ ಅದೂ ವರ್ಷಕ್ಕೊಮ್ಮೆ, ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ನಮ್ಮ ಮೆಣಸಿನಕಾಯಿ ಇದ್ದ ಹಾಗೆ.

ನಮ್ಮ ಮನೆಗೆ ಬಂದದ್ದನ್ನು ಒರೆಗೆ ಹಚ್ಚಿದರೆ

ಮೊದಲು ಬಂದದ್ದು ಕೇಂದ್ರದ ಪಿಎಂ ಕಿಸಾನ್. 2019ರ ಫೆಬ್ರುವರಿಯಲ್ಲಿ ಚಾಲನೆಯಾಯಿತು. ವರ್ಷಕ್ಕೆ 6000, ನಾಲ್ಕು ತಿಂಗಳಿಗೊಮ್ಮೆ ಎರಡೆರಡು ಸಾವಿರ. ಷರತ್ತಿಲ್ಲದ ನಗದು ಹೌದು. ಆದರೆ ಉತಾರದಲ್ಲಿ ಹೆಸರಿದ್ದವರಿಗೆ ಮಾತ್ರ. ಉತಾರ ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಹೊಲ ಲಾವಣಿ ಹಾಕಿಕೊಂಡು ಮಾಡುವವನಿಗೆ ಇಲ್ಲ, ಹೊಲವೇ ಇಲ್ಲದ ಕೂಲಿಯವನಿಗೆ ಇಲ್ಲವೇ ಇಲ್ಲ. ತೆಲಂಗಾಣದಲ್ಲಿ 2018ರಲ್ಲಿ ಶುರುವಾದ ರೈತಬಂಧು ಇದಕ್ಕಿಂತ ಧಾರಾಳ. ಎಕರೆಗೆ ಒಂದು ಹಂಗಾಮಿಗೆ 4000 ಅಂತ ಕೊಡಲು ಶುರು ಮಾಡಿದರು. ಅಲ್ಲಿಯೂ ಹೊಲ ಹೆಚ್ಚಿದ್ದವನಿಗೆ ಹೆಚ್ಚು, ಇಲ್ಲದವನಿಗೆ ಏನೂ ಇಲ್ಲ. ಇವು ಬೇಸಾಯಕ್ಕೆ ಕೊಟ್ಟ ನೆರವು, ಮೂಲ ಆದಾಯ ಅಲ್ಲ.

ಗೃಹಲಕ್ಷ್ಮಿ ಇದಕ್ಕೆ ಹೆಚ್ಚು ಹತ್ತಿರ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವ ಹೆಣ್ಣುಮಗಳ ಖಾತೆಗೆ ತಿಂಗಳಿಗೆ 2000. ಆಕೆ ಅಥವಾ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿದ್ದರೆ ಇಲ್ಲ. ಹೊಲ ಇದೆಯೋ ಇಲ್ಲವೋ ಕೇಳೋದಿಲ್ಲ. ರಾಜ್ಯದಲ್ಲಿ ಸುಮಾರು 1 ಕೋಟಿ 20 ಲಕ್ಷ ಹೆಣ್ಣುಮಕ್ಕಳಿಗೆ ಇದು ಸಿಗುತ್ತದೆ. ತಲೆಗೊಂದು ಅಲ್ಲ, ಮನೆಗೊಂದು. ಅಷ್ಟು ಬಿಟ್ಟರೆ ಐದು ಗುರುತಿನಲ್ಲಿ ಬಹಳಷ್ಟು ಕೂಡುತ್ತವೆ.

ಈಗ ಮೊತ್ತ ನೋಡೋಣ. ತಿಂಗಳಿಗೆ 2000 ಎಂದರೆ ವರ್ಷಕ್ಕೆ 24,000. ನಮ್ಮ ಮನೆಯಲ್ಲಿ ಐದು ಮಂದಿ. ಒಬ್ಬರಿಗೆ ದಿನಕ್ಕೆ 13 ರೂಪಾಯಿ ಬೀಳುತ್ತದೆ. ಪಿಎಂ ಕಿಸಾನ್ ಕೂಡಿಸಿದರೆ 16 ರೂಪಾಯಿ ಚಿಲ್ಲರೆ. ಈ ರೊಕ್ಕದಿಂದ ಯಾರೂ ಕೂತು ಉಣ್ಣಲಿಕ್ಕೆ ಆಗೋದಿಲ್ಲ. ಹಾಗಿದ್ದರೆ ಅದರಿಂದ ಆದದ್ದಾದರೂ ಏನು?

ನೋಟ್‌ಬುಕ್ ಹೇಳಿದ್ದು

2023 ಬರಗಾಲದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತ ಎಂದು ಸರ್ಕಾರವೇ ಸಾರಿತ್ತು. ನಮ್ಮ ಗೋವಿನಜೋಳ ತೆನೆ ಕಟ್ಟುವಾಗ ಒಣಗಿತು. ಮೆಣಸಿನ ಅಗಿ ಎರಡು ಸಲ ಹಚ್ಚಿದರೂ ಅರ್ಧ ಸತ್ತವು. ಆ ವರ್ಷದ ಹಾಳೆಯಲ್ಲಿ ಮನೆಯಾಕಿ ಬರೆದದ್ದು ಇಷ್ಟೇ: ಕಿರಾಣಿ, ಜ್ವಾಳ, ಔಷಧಿ, ಮತ್ತೆ ಕಿರಾಣಿ. ಅದರಲ್ಲಿ ಸೀರೆಯೂ ಇಲ್ಲ, ಬಂಗಾರವೂ ಇಲ್ಲ. ಆ ರೊಕ್ಕ ಇಲ್ಲದಿದ್ದರೆ ನಾನು ಒಂದು ಎತ್ತು ಮಾರುತ್ತಿದ್ದೆ. ಒಂದು ಮಾರಿದ ಮೇಲೆ ಇನ್ನೊಂದನ್ನು ಇಟ್ಟುಕೊಂಡು ಏನು ಮಾಡೋದು? ಅದಾದ ಮೇಲೆ ಬಾಡಿಗೆ ಟ್ರ್ಯಾಕ್ಟರಿನವನು ಬಂದಾಗಲೇ ನಮ್ಮ ಹದ.

2024ರಲ್ಲಿ ಕಿರಾಣಿ ಉದ್ರಿ ತೀರಿತು. 2025ರ ಜೂನ್‌ನಲ್ಲಿ ನಾನು ಸಾಲಕ್ಕೆ ಹೊರಟಾಗ ಆಕೆ ಕೇಳಿದಳು, "ಈ ಸಲ ಎಷ್ಟು ಬೇಕ್ರಿ?" ಸಾಲಿ ಖರ್ಚು, ಮನೆ ಖರ್ಚು ಆಕೆಯ ಲೆಕ್ಕದಲ್ಲಿ ಹೋಗಿದ್ದರಿಂದ ಬೀಜ ಗೊಬ್ಬರಕ್ಕೆ 8 ಸಾವಿರ ಸಾಕಾಯಿತು. ತಿಂಗಳಿಗೆ 240 ಬಡ್ಡಿ. ಎಂಟು ತಿಂಗಳಿಗೆ 1920. ಮೊದಲಿನ 4800ರಲ್ಲಿ 2880 ಉಳಿಯಿತು. ಅಂದರೆ 24 ಸಾವಿರ ಬಂದ ಮನೆಗೆ ಲಾಭ ಅದಕ್ಕಿಂತ ಮೂರು ಸಾವಿರ ಹೆಚ್ಚು ಆದಂತಾಯಿತು. ಸಣ್ಣ ಸಾಲಗಾರನ ಮಾತಿಗೆ ಪ್ಯಾಟಿಯಲ್ಲಿ ಸ್ವಲ್ಪ ತೂಕವೂ ಬರುತ್ತದೆ. ಅದಕ್ಕೆ ಎಷ್ಟು ಬೆಲೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಲಿಕ್ಕೆ ಬರೋದಿಲ್ಲ.

"ಆಳು ಸಿಗವಲ್ವು" ಅನ್ನೋ ಮಾತು

ಕಟ್ಟೆಯ ಮೇಲೆ ಕೂತರೆ ನಾವು ರೈತರು ಆಡೋದು ಇದೇ ಮಾತು. ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಮೇಲೆ ಎರಡು ಸಾವಿರ. ಇನ್ನು ಯಾರು ಕಾಯಿ ಬಿಡಿಸಲಿಕ್ಕೆ ಬರ್ತಾರೆ? ನಾನೂ ಹಾಗೇ ಅಂದವನು. ಆದ್ದರಿಂದ ನನ್ನದೇ ಒಂದು ಸಂಗತಿ ಹೇಳಬೇಕು. ಹೇಳಲಿಕ್ಕೆ ನಾಚಿಕೆ ಆಗ್ತದೆ, ಆದರೂ ಹೇಳ್ತೇನೆ.

ನಮ್ಮ ಓಣಿಯಲ್ಲಿ ಗಂಡ ತೀರಿಹೋದ, ಹೊಲ ಇಲ್ಲದ ಒಬ್ಬ ಹೆಣ್ಣುಮಗಳಿದ್ದಾಳೆ. ತಿಂಗಳಿಗೆ 800 ರೂಪಾಯಿ ವಿಧವಾ ಪಿಂಚಣಿ ಬರ್ತದೆ. ಶ್ರಾವಣದಲ್ಲಿ ಕೂಲಿ ಕಡಿಮೆ, ಹಬ್ಬ ಹೆಚ್ಚು. ಆಗ ಆಕೆ ನನ್ನ ಹತ್ತಿರ 2000 ಮುಂಗಡ ಒಯ್ಯುತ್ತಿದ್ದಳು. ಪುಷ್ಯ ಮಾಸದಲ್ಲಿ ಕಾಯಿ ಬಿಡಿಸಿ ಮುಟ್ಟಿಸಬೇಕು. ಮುಂಗಡ ಒಯ್ದವರಿಗೆ ದಿನಕ್ಕೆ 250, ಬೇರೆಯವರಿಗೆ 300. ಇದು ಊರ ರೂಢಿ. ಬಡ್ಡಿ ತಗೊಳ್ಳುವವ ನಾನಲ್ಲ ಅಂತ ನನಗೆ ಹೆಮ್ಮೆ ಇತ್ತು.

2023ರ ಆ ಶ್ರಾವಣವೇ ಕೊನೆ. ಮರುವರ್ಷದಿಂದ ಆಕೆ ಮುಂಗಡ ಕೇಳಲು ಬರಲಿಲ್ಲ. ಕಾಯಿಗೆ ಕರೆದಾಗ "ಬರ್ತೀನಿ ಅಣ್ಣಾರ, ಎಲ್ಲಾರಿಗೂ ಕೊಟ್ಟಂಗ ನನಗೂ ಮುನ್ನೂರು ಕೊಡ್ರಿ" ಅಂದಳು. ಸಿಟ್ಟು ಬಂತು. ಮನೆಗೆ ಬಂದು ಹೇಳಿದರೆ ಮನೆಯಾಕಿ ಪೆನ್ನು ತಗೊಂಡು ಕೂತಳು. 2000 ಮುಟ್ಟಿಸಲಿಕ್ಕೆ 250ರಂತೆ ಎಂಟು ದಿನ. ಎಂಟು ದಿನಕ್ಕೆ ಸರಿಯಾದ ಕೂಲಿ 2400. ಐದು ತಿಂಗಳಿಗೆ 400 ರೂಪಾಯಿ ಆಕೆಯಿಂದ ನನಗೆ ಬಂದಂಗಾಯಿತು. ತಿಂಗಳಿಗೆ 80. ನೂರಕ್ಕೆ ನಾಲ್ಕು! ನೂರಕ್ಕೆ ಮೂರು ತಗೊಂಡ ದಲಾಲರನ್ನು ವರ್ಷಗಟ್ಟಲೆ ಬೈದವನು ನಾನು.

ಆಕೆ ಕೂಲಿ ಬಿಡಲಿಲ್ಲ. ಹೋದ ಹಂಗಾಮಿನಲ್ಲೂ ದಿನಾ ಬಂದಳು. ಬಿಟ್ಟದ್ದು ಮುಂಗಡವನ್ನು. ನಮಗೆ ಆಳು ಸಿಗೋದಿಲ್ಲ ಅಂತ ಅನ್ನಿಸೋದರಲ್ಲಿ ಅರ್ಧ ಪಾಲು, ಮೊದಲಿನ ದರಕ್ಕೆ ಸಿಗೋದಿಲ್ಲ ಅನ್ನೋದೇ ಇರಬೇಕು. ಕೂಲಿ ಏರಿದರೆ ಸಣ್ಣ ರೈತನಿಗೆ ಹೊಡೆತ ಬೀಳೋದು ನಿಜ. ಅದಕ್ಕೆ ಉತ್ತರ ನಮ್ಮ ಬೆಳೆಯ ದರದಲ್ಲಿ ಹುಡುಕಬೇಕೇ ಹೊರತು ಆಕೆಯ ಶ್ರಾವಣದ ಹಸಿವಿನಲ್ಲಿ ಅಲ್ಲ.

ಮಧ್ಯಪ್ರದೇಶದಲ್ಲಿ ಮಾಡಿ ನೋಡಿದ್ದು

ಇದು ನನ್ನೊಬ್ಬನ ಓಣಿಯ ಅನುಭವ ಆಯಿತು. ಮಧ್ಯಪ್ರದೇಶದ ಇಂದೋರ್ ಕಡೆಯ ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2011ರಿಂದ ಸುಮಾರು ಒಂದೂವರೆ ವರ್ಷ ಎಂಟು ಹಳ್ಳಿಗಳಲ್ಲಿ ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ಕೊಟ್ಟರು. ವರ್ಷದ ಮೇಲೆ ಅದನ್ನು 300 ಮತ್ತು 150 ಮಾಡಿದರು. ಬಡವರು, ಉಳ್ಳವರು ಎಂದು ಆರಿಸಲಿಲ್ಲ, ಹಳ್ಳಿಯ ಎಲ್ಲರಿಗೂ ಕೊಟ್ಟರು. ಪಕ್ಕದಲ್ಲಿ ಇಂಥವೇ ಹನ್ನೆರಡು ಹಳ್ಳಿಗಳನ್ನು ಹೋಲಿಸಿ ನೋಡಲು ಆರಿಸಿಕೊಂಡು ಅಲ್ಲಿ ಕೊಡಲಿಲ್ಲ. ನಾವು ಗೊಬ್ಬರ ಹಾಕಿದ ಸಾಲು, ಹಾಕದ ಸಾಲು ಅಂತ ಬಿಟ್ಟು ನೋಡ್ತೇವಲ್ಲ, ಹಾಗೆ. ನಡೆಸಿದ್ದು ಹೆಣ್ಣುಮಕ್ಕಳ ಸಂಘಟನೆ ಸೇವಾ, ಹಣ ಕೊಟ್ಟದ್ದು ಯುನಿಸೆಫ್.

ಜನ ಕುಡಿದು ಹಾಳು ಮಾಡ್ತಾರೆ ಅಂದವರು ಅಲ್ಲಿಯೂ ಇದ್ದರು. ಕುಡಿತ ಹೆಚ್ಚಾದದ್ದು ಕಂಡುಬರಲಿಲ್ಲ. ಊಟದಲ್ಲಿ ಬೇಳೆ, ಕಾಯಿಪಲ್ಲೆ ಹೆಚ್ಚಿತು. ಆಡು, ಕುರಿ, ಕೋಳಿ ಕೊಂಡರು. ಮಕ್ಕಳು ಸಾಲಿಗೆ ಹೋಗೋದು ಹೆಚ್ಚಿತು. ಕೆಲಸ ಕಡಿಮೆಯಾಗಲಿಲ್ಲ. ಕೂಲಿಗೆ ಹೋಗುತ್ತಿದ್ದ ಸಣ್ಣ ರೈತರು ತಮ್ಮದೇ ಹೊಲದಲ್ಲಿ ಹೆಚ್ಚು ದುಡಿದರು. ಇದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ಬಿತ್ತುವ ಹದ ಬಂದ ದಿನವೇ ಹೊಟ್ಟೆಗಾಗಿ ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗಿ, ತನ್ನ ಹೊಲವನ್ನು ನಾಲ್ಕು ದಿನ ತಡವಾಗಿ ಬಿತ್ತುವವರನ್ನು ನಾನು ನಮ್ಮೂರಲ್ಲೇ ನೋಡಿದ್ದೇನೆ. ನಾಲ್ಕು ದಿನ ತಡ ಅಂದರೆ ಏನು ಅಂತ ಒಣಬೇಸಾಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಗದೋ, ಕಾಳೋ?

ಇದಕ್ಕೂ ನಮ್ಮಲ್ಲೇ ಒಂದು ಪಾಠ ಸಿಕ್ಕಿದೆ. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೇ ಹೋದಾಗ 2023ರ ಜುಲೈಯಿಂದ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ನಮ್ಮದು ರೊಟ್ಟಿ ಉಣ್ಣುವ ಸೀಮೆ. ರೊಕ್ಕ ಬಂದಾಗ ಜ್ವಾಳ ತಂದೆವು, ಅದು ಅನುಕೂಲ. ಆದರೆ ಅಂಗಡಿಯ ದರ ಏರಿದ ಹಾಗೆ 170 ಏರಲಿಲ್ಲ. ಐದು ಕಿಲೋ ಅಕ್ಕಿ ಮಾತ್ರ ದರ ಏರಿದರೂ ಐದು ಕಿಲೋನೇ. ಹಾಗಾಗಿ ರೇಷನ್ ಕಿತ್ತುಕೊಂಡು ಆ ಬಾಬ್ತಿಗೆ ರೊಕ್ಕ ಕೊಡ್ತೇವೆ ಎಂದರೆ ನಾವು ಹೂಂ ಅನ್ನಬಾರದು. ಇದ್ದದ್ದರ ಮೇಲೆ ಕೊಡುವುದು ಬೇರೆ, ಇದ್ದದ್ದನ್ನು ತೆಗೆದು ಕೊಡುವುದು ಬೇರೆ.

ಕಂತು ತಪ್ಪಿದಾಗ

ಇನ್ನು ನನ್ನ ಮಾತು ಸುಳ್ಳಾಗದ ಅರ್ಧ. ಗೃಹಲಕ್ಷ್ಮಿ ತಿಂಗಳಿಗೊಮ್ಮೆ ಅಂತ ಶುರುವಾದರೂ ಎಷ್ಟೋ ಸಲ ಎರಡು ಮೂರು ತಿಂಗಳು ತಡೆದು ಬಂದಿದೆ. 2025ರ ಫೆಬ್ರುವರಿ, ಮಾರ್ಚ್ ಕಂತು ಬಾರದ ವಿಷಯ ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲೇ ಚರ್ಚೆಗೆ ಬಂತು. ತಡವಾಗಿ ಬಂದರೂ ಬಂತಲ್ಲ ಅಂತ ನೌಕರದಾರರು ಅನ್ನಬಹುದು. ಹಾಗಲ್ಲ. ಈ ರೊಕ್ಕದ ಶಕ್ತಿಯೇ ಅದರ ತಾರೀಖಿನಲ್ಲಿದೆ. ತಿಂಗಳು ತಪ್ಪಿದರೆ ಮತ್ತೆ ಕಿರಾಣಿ ಉದ್ರಿ, ಮತ್ತೆ ಕೈಗಡ. ಮೂರು ತಿಂಗಳ ಆರು ಸಾವಿರ ಒಮ್ಮೆಲೇ ಬಂದ ದಿನ ಅದು ಸಾಲಗಾರರ ಪಾಲು.

ಇನ್ನೊಂದು ಅಪಾಯ. ಪ್ರತಿ ತಿಂಗಳು ರೊಕ್ಕ ಬರ್ತದೆ ಅಂತ ಗೊತ್ತಾದ ಕೂಡಲೇ ಅದನ್ನು ನಂಬಿಕೊಂಡು ಹೆಣ್ಣುಮಕ್ಕಳು ವಾರದ ಕಂತಿನ ಗುಂಪು ಸಾಲ ಮಾಡಿಬಿಡ್ತಾರೆ. ಆ ಸಾಲದ ಕಾಟ ಎಲ್ಲಿಗೆ ಮುಟ್ಟಿತು ಅಂದರೆ 2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಾಳಿಯನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿ ಕಾಪಾಡಿ ಎಂದು ಕೇಳಿದರು. ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಸಾಲದ ಕಂತು ವಾರಕ್ಕೊಮ್ಮೆ ತಪ್ಪದೆ ಬರ್ತದೆ, ಸರ್ಕಾರದ ಕಂತು ತಪ್ಪಿ ಬರ್ತದೆ. ಹಾಗಾಗಿ ಈ ರೊಕ್ಕವನ್ನು ಯಾವ ಸಾಲಕ್ಕೂ ಮುಂಚಿತವಾಗಿ ಬರೆದುಕೊಡಬೇಡಿ ಎಂದು ಮನೆಯ ಹೆಣ್ಣುಮಕ್ಕಳಿಗೆ ಹೇಳಬೇಕು. ಗಂಡಸರೂ ಅದನ್ನು ಕೇಳಿ ಇಸಕೊಳ್ಳಬಾರದು.

ಈ ರೊಕ್ಕ ಯಾರದು?

ಪುಗಸಟ್ಟೆ ಅನ್ನೋ ಮಾತಿಗೆ ಬರೋಣ. 2025-26ರ ರಾಜ್ಯ ಬಜೆಟ್ಟು 4 ಲಕ್ಷ 9 ಸಾವಿರ ಕೋಟಿ ಚಿಲ್ಲರೆ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51 ಸಾವಿರ ಕೋಟಿ, ಹತ್ತಿರ ಹತ್ತಿರ ಎಂಟರಲ್ಲಿ ಒಂದು ಪಾಲು. ಗೃಹಲಕ್ಷ್ಮಿಯೊಂದಕ್ಕೇ 28 ಸಾವಿರ ಕೋಟಿ ಮೇಲೆ. ಇದು ಸಣ್ಣ ಹೊರೆಯಲ್ಲ. ಕೆರೆ ಹೂಳು, ಹೊಲದ ರಸ್ತೆಗೆ ರೊಕ್ಕ ಇಲ್ಲ ಎನ್ನುವಾಗ ಅದರ ಬಿಸಿ ನಮಗೂ ತಟ್ಟುತ್ತದೆ. ಆದರೆ ನಾವೂ ಬೆಂಕಿಪೊಟ್ಟಣದಿಂದ ಔಷಧಿ ಪಂಪಿನವರೆಗೆ ತೆರಿಗೆ ಕೊಟ್ಟೇ ಕೊಳ್ಳೋದು. ಅದರ ಸ್ವಲ್ಪ ಪಾಲು ತಿರುಗಿ ಬಂದರೆ ಅದು ದಾನ ಆಗೋದಿಲ್ಲ.

ಹಾಗಂತ ಎರಡು ಸಾವಿರ ಕೊಟ್ಟೆವಲ್ಲ ಅಂತ ಬೆಳೆಯ ದರ, ವಿಮೆ, ಸೊಸೈಟಿ ಸಾಲ ಮರೆತರೆ ಅದನ್ನು ಒಪ್ಪಲಿಕ್ಕೂ ಆಗೋದಿಲ್ಲ. ಮನೆ ಬೀಳದ ಹಾಗೆ ಈ ರೊಕ್ಕ ಒಂದು ಕಂಬ ಕೊಟ್ಟೀತು. ಮನೆ ಏಳಬೇಕಾದರೆ ಹೊಲವೇ ಹಣ ಕೊಡಬೇಕು.

ನಾವು ಕೇಳಬೇಕಾದದ್ದು ಮೂರು. ತಿಂಗಳ ತಾರೀಖು ಗೊತ್ತಿರಬೇಕು, ಅದು ತಪ್ಪಬಾರದು. ದರ ಏರಿದಂತೆ ಮೊತ್ತವೂ ಏರಬೇಕು, ಇಲ್ಲದಿದ್ದರೆ 2023ರ ಎರಡು ಸಾವಿರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಹೋದೀತು. ಉತಾರ ಇಲ್ಲದ ಲಾವಣಿದಾರ, ಕೂಲಿಕಾರ, ಒಂಟಿ ಮನುಷ್ಯ ಯಾರೂ ಹೊರಗುಳಿಯಬಾರದು.

ಓದುಗರೂ ತಮ್ಮ ಮನೆಯಲ್ಲಿ ಒಂದು ಹಳೇ ನೋಟ್‌ಬುಕ್ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಯಾವ ತಾರೀಖಿಗೆ ಬಂತು, ಎಲ್ಲಿ ಹೋಯಿತು, ಜೂನಿನ ಸಾಲ ಎಷ್ಟು ಇಳಿಯಿತು, ಆಳಿಗೆ ಕೊಟ್ಟ ಮುಂಗಡ ಎಷ್ಟು, ಅಷ್ಟು ಬರೆದರೆ ಸಾಕು. ಬರೆಯೋ ಕೆಲಸ ಯಜಮಾನಿಗೇ ಬಿಡಿ. ನನ್ನ ಕೈಯಲ್ಲಿ ಲೆಕ್ಕ ಇದ್ದಿದ್ದರೆ ಆ ನಾಲ್ಕು ನೂರು ರೂಪಾಯಿ ಎಂದೂ ಹೊರಗೆ ಬರುತ್ತಿರಲಿಲ್ಲ. ಆಕೆಯ ಲೆಕ್ಕದಂತೆ ಹೋದ ಸಂಕ್ರಾಂತಿಗೆ ಓಣಿಯ ಆ ಹೆಣ್ಣುಮಗಳಿಗೆ 400 ಮುಟ್ಟಿಸಿ ಬಂದೆ. ಯಾತಕ್ಕೆ ಅಂತ ಆಕೆ ಕೇಳಿದಳು. ಹಳೇ ಬಾಕಿ ಅಂದೆ.